ಗುಂಯ್ ಎನ್ನದ ಬೆಳಗು

ನನ್ನ ಕಂಪ್ಯೂಟರ್ ಮೇಜಿನ ಮೇಲೆ, ಮೌಸಿನ ಪಕ್ಕದಲ್ಲಿ, ಒಂದು ತಾಮ್ರದ ಚೊಂಬು ಇದೆ. ಕಂಠದ ಹತ್ತಿರ ನೆಗ್ಗಿದೆ. ಹುಣಸೆಹಣ್ಣಿನ ಸ್ಪರ್ಶ ಕಾಣದೆ ಬಹುಕಾಲವಾದದ್ದರಿಂದ ಬಣ್ಣವೂ ಮಂಕಾಗಿದೆ. ಮನೆಗೆ ಬಂದವರು ಅದು ಪೆನ್ನಿಡುವ ಪಾತ್ರೆಯೆಂದುಕೊಂಡು ಒಳಗೆ ಇಣುಕಿ, ತಳದಲ್ಲಿ ಒಂದಿಷ್ಟು ನೀರು ಕಂಡು, ಕರೆಂಟಿನ ಯಂತ್ರದ ಮಗ್ಗುಲಲ್ಲಿ ನೀರಿಟ್ಟುಕೊಂಡ ಈ ಮೇಷ್ಟ್ರಿಗೆ ತಲೆ ನೆಟ್ಟಗಿದೆಯೇ ಎಂಬಂತೆ ನನ್ನ ಮುಖ ನೋಡುತ್ತಾರೆ. ನೆಟ್ಟಗಿಲ್ಲ ಎಂದು ಒಪ್ಪಿಕೊಳ್ಳುವುದು ಸುಲಭ. ಯಾಕಿಲ್ಲ ಎಂದು ಹೇಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ. ನನಗೆ ಒಂದು ಕಡೆ ಕೂರುವ ಅಭ್ಯಾಸವಿಲ್ಲ, ಓಡಾಡುತ್ತಲೇ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ವಾರದ ದಿನಗಳಲ್ಲಿ ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಹೊಯ್ಸಳರ ವಂಶಾವಳಿ ಒಪ್ಪಿಸುವ ಸಮಾಜದ ಮೇಷ್ಟ್ರು. ಲಗ್ನದ ಕಾಲದ ಸಂಜೆಗಳಲ್ಲಿ ಮಂಜನ ಆರ್ಕೆಸ್ಟ್ರಾದ ಗಿಟಾರಿಸ್ಟು. ಮಂಜ ಹಳ್ಳಿಮೈಸೂರಿನವನು. ಬೆಳಿಗ್ಗೆ ಹೊಗೆಸೊಪ್ಪಿನ ಹೊಲ, ಸಂಜೆ ಜರಿಯಂಚಿನ ಕೋಟು, ಎರಡರಲ್ಲೂ ಅವನದೇ ಯಜಮಾನಿಕೆ. ಅವನ ವ್ಯಾನಿನ ಹಿಂದಿನ ಸೀಟಿನಲ್ಲಿ, ನನ್ನ ಗಿಟಾರನ್ನೂ ಮರದ ಪೆಟ್ಟಿಗೆಯಂಥ ಆಂಪ್ಲಿಫೈಯರನ್ನೂ ತಬ್ಬಿಕೊಂಡು, ಚನ್ನರಾಯಪಟ್ಟಣದ ಛತ್ರಗಳಿಗೂ ಅರಕಲಗೂಡಿನ ಪೆಂಡಾಲುಗಳಿಗೂ ಅಲೆದ ಸುಖ ಬೇರೆ ಯಾವ ಸವಾರಿಯಲ್ಲೂ ನನಗೆ ಸಿಕ್ಕಿಲ್ಲ. ಆರತಕ್ಷತೆಯಲ್ಲಿ ಗಂಡುಹೆಣ್ಣು ಕೈಹಿಡಿದು ವೇದಿಕೆ ಹತ್ತುವಾಗ ನುಡಿಸಲೆಂದು ನಾನೇ ಒಂದು ಪುಟ್ಟ ಧಾಟಿ ಕಟ್ಟಿದ್ದೆ. ಅದನ್ನು ನುಡಿಸುವಷ್ಟು ಹೊತ್ತು ಮಾತ್ರ ನನ್ನ ಚಡಪಡಿಕೆ ಅಡಗುತ್ತಿತ್ತು. ಉಳಿದ ಹೊತ್ತಿನಲ್ಲಿ ನನ್ನ ಬೆರಳುಗಳು ಮೇಜು, ಕುರ್ಚಿ, ಮಕ್ಕಳ ಉತ್ತರಪತ್ರಿಕೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಲೇ ಇರುತ್ತಿದ್ದವು.

ಹೊಸ ಶತಮಾನ ಕಾಲಿಟ್ಟ ಹೊಸತರಲ್ಲಿ ಮಂಜ ಒಂದು ಕೀಬೋರ್ಡ್ ತಂದ. ಅದರಲ್ಲಿ ಕೊಳಲಿತ್ತು, ಪಿಟೀಲಿತ್ತು, ನನ್ನ ದುರದೃಷ್ಟಕ್ಕೆ ಗಿಟಾರೂ ಇತ್ತು.

"ಬ್ಯಾಸ್ರ ಮಾಡ್ಕಬ್ಯಾಡ ಕಣ್ಲಾ ಮೇಷ್ಟ್ರೇ," ಎಂದ. "ಗುಂಡಿ ಒತ್ತುದ್ರೆ ಇದ್ರಲ್ಲೇ ಗಿಟಾರು ಬಂದ್ಬುಡ್ತದೆ. ನೀನೂ ನಿನ್ ಡಬ್ಬಾನೂ ಅರ್ಧ ವ್ಯಾನು ಇಡ್ಕಂಡ್ರೆ ಮಿಕ್ಕೋರ್ ಎಲ್ ಕುಂತ್ಕಳದು?"

"ಆ ಗುಂಡಿ ಗಿಟಾರೂ ನನ್ನ ಗಿಟಾರೂ ಒಂದೇನೋ?"

"ಅಂಗಾದ್ರೆ ಒಂದ್ ಸಿಡೀಲಿ ನುಡ್ಸ್ಕಂಡ್ ಬಾ. ಎಲ್ರೂ ಕುಂತ್ಕಂಡು ಎರಡ್ನೂ ಕೇಳಾನ. ನಿಂದೇ ಚೆಂದಾಗಿದ್ರೆ ನಿನ್ ಸೀಟು ನಿಂಗೇ."

ಅವನಿಗೆ ಅದು ಮಾತು ಮುಗಿಸುವ ದಾರಿ. ನನಗೆ ಮಾತ್ರ ವ್ಯಾನಿನ ಆ ಹಿಂದಿನ ಸೀಟು, ಅದರ ಹರಿದ ರೆಕ್ಸಿನ್ನಿನ ಸಮೇತ, ಸಿಂಹಾಸನದ ಹಾಗೆ ಕಾಣತೊಡಗಿತು. ಹೊಯ್ಸಳರು ಅವರದನ್ನು ಹೇಗೆ ಕಳೆದುಕೊಂಡರೆಂದು ವರ್ಷವರ್ಷವೂ ಪಾಠ ಮಾಡಿದವನು ನಾನು, ನನ್ನದನ್ನು ಸುಮ್ಮನೆ ಬಿಟ್ಟುಕೊಡುವವನಲ್ಲ.

ಹಾಸನದಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರೊಂದು ನಮ್ಮ ಮನೆಗೆ ಬಂದದ್ದು ಹಾಗೆ. ಬಸ್ಸಿನಲ್ಲಿ ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇದ್ದ ಒಂದೇ ಪ್ಲಗ್ಗು ದೇವರ ಕೋಣೆಯ ಪಕ್ಕದ ಗೋಡೆಯಲ್ಲಿದ್ದುದರಿಂದ ಅದರ ಸ್ಥಾಪನೆಯೂ ಅಲ್ಲೇ ಆಯಿತು. ಅಮ್ಮ ಅದಕ್ಕೊಂದು ಕಸೂತಿಯ ಮುಸುಕು ಹೊಲಿದಳು, ಆಯುಧಪೂಜೆಯ ದಿನ ಅದರ ಮೈಮೇಲಿನ ಪ್ರತಿಯೊಂದು ತೂತಿಗೂ ಅರಿಸಿನ ಕುಂಕುಮ ಇಟ್ಟಳು. ಅವುಗಳಲ್ಲೊಂದು ನಾನು ಗಿಟಾರಿನ ವೈರು ಚುಚ್ಚುವ ತೂತು.

ಗಿಟಾರನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ ನುಡಿಸುವುದಕ್ಕೆ ಡೈರೆಕ್ಟ್ ಎನ್ನುತ್ತಾರೆ. ಎಂಥ ಭರವಸೆಯ ಶಬ್ದ! ನಡುವೆ ಪೆಟ್ಟಿಗೆಯಿಲ್ಲ, ಮೈಕಿಲ್ಲ, ದಲ್ಲಾಳಿಗಳಿಲ್ಲ. ತಂತಿಯ ಕಂಪನ ಸೀದಾ ಯಂತ್ರದ ಅಂತರಂಗಕ್ಕೆ. ಆದರೆ ಮೊದಲ ಸಲ ನುಡಿಸಿ ಕೇಳಿದಾಗ ನನಗೆ ಅಳು ಬಂತು. ವರ್ಷಗಳಿಂದ ಎದೆಗಾನಿಸಿಕೊಂಡು ಪಳಗಿಸಿದ ವಾದ್ಯ, ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಂತೆ ಕೊಂಯ್‌ಗುಡುತ್ತಿತ್ತು. ಮಂಜನ ಗುಂಡಿಯ ಗಿಟಾರೇ ಇದಕ್ಕಿಂತ ಎಷ್ಟೋ ಮೇಲು.

ತಲೆಕೆಡಿಸಿಕೊಂಡು ತಿಳಿದುಕೊಂಡದ್ದು ಇಷ್ಟು: ನಾವು ಗಿಟಾರಿನ ನಾದವೆಂದು ಮೆಚ್ಚುವುದರಲ್ಲಿ ತಂತಿಯ ಪಾಲು ಸ್ವಲ್ಪವೇ. ಆ ಮರದ ಪೆಟ್ಟಿಗೆಯ ಸ್ಪೀಕರು ಚೂಪಾದ ಸ್ವರಗಳನ್ನು ತಾನೇ ನುಂಗಿ ಮೆತ್ತಗಾಗಿಸಿ ಕೊಡುತ್ತಿತ್ತು. ಛತ್ರದ ಗೋಡೆ, ಸೀರೆಗಳ ಸರಭರ, ಊಟದ ಮನೆಯ ಗದ್ದಲ, ಎಲ್ಲವೂ ಅದಕ್ಕೆ ತಮ್ಮ ತಮ್ಮ ಪಾಲು ಸೇರಿಸುತ್ತಿದ್ದವು. ಡೈರೆಕ್ಟಿನಲ್ಲಿ ಇವು ಯಾವುವೂ ಇಲ್ಲ. ಊರು ಕೇರಿ, ನಂಟರು ಇಷ್ಟರು, ಎಲ್ಲವನ್ನೂ ಕಳಚಿ ಮನುಷ್ಯನೊಬ್ಬನನ್ನು ಬೆಳಕಿಗೆ ಹಿಡಿದರೆ ಅವನೂ ಹೀಗೇ ಕೊಂಯ್ ಎನ್ನುತ್ತಾನೋ ಏನೋ. ನಾನಂತೂ ಅನ್ನುತ್ತೇನೆ.

ಪೆಟ್ಟಿಗೆಯ ಗುಣವನ್ನು ನಟಿಸುವ ಸಾಫ್ಟ್‌ವೇರೊಂದು ಹಾಸನದ ಅಂಗಡಿಯವನ ಹತ್ತಿರವೇ ಸಿಕ್ಕಿತು. ವೈರಿನ ನಡುವೆ ದನಿಯನ್ನು ಹಿಗ್ಗಿಸುವ ಪುಟ್ಟ ಪೆಡಲೊಂದನ್ನು ಇಟ್ಟ ಮೇಲೆ ದನಿಗೆ ಮೈಕೈ ತುಂಬಿತು. ಚೂಪನ್ನು ಕತ್ತರಿಸಿದೆ, ನಡುವಿನ ಸ್ವರಗಳನ್ನು ಎತ್ತಿದೆ, ಮತ್ತೆ ಇಳಿಸಿದೆ, ಇವತ್ತು ಸರಿಯೆನಿಸಿದ್ದನ್ನು ನಾಳೆ ಬೈದು ಅಳಿಸಿದೆ. ಬೇಕಾದ ಪ್ರತಿಧ್ವನಿ ಆರಿಸಿಕೊಳ್ಳಲು ಅದರಲ್ಲಿ ಕೋಣೆ, ಸಭಾಂಗಣ, ಗುಹೆಗಳಿದ್ದವು. ಕೊರವಂಗಲದ ಹೊಯ್ಸಳರ ದೇವಸ್ಥಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನವರಂಗದ ಕಂಬಗಳ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ಕಿವಿಗೊಡುವ ಚಟ ನನ್ನದು. ಆ ಕಲ್ಲುಗಳು ಚಪ್ಪಾಳೆಯನ್ನು ಗಳಿಗೆ ಹೊತ್ತು ಇಟ್ಟುಕೊಂಡು ನಯಮಾಡಿ ಹಿಂತಿರುಗಿಸುವ ಪರಿಯನ್ನು ಯಾವ ಪುಣ್ಯಾತ್ಮನೂ ಆ ಯಂತ್ರದೊಳಗೆ ಇಟ್ಟಿರಲಿಲ್ಲ. ಆದರೂ ಅಂತೂ ಇಂತೂ ಒಂದು ಸಂಜೆ, ಇದು ನನ್ನದೇ ಗಿಟಾರು ಎಂದು ನಾನು ಗುರುತು ಹಿಡಿಯುವಷ್ಟು ದನಿ ಕುದುರಿತು.

ಕುದುರಿದ ದನಿಯ ಹಿಂದೆಯೇ, ಅಷ್ಟು ದಿನ ನಾನು ಲಕ್ಷ್ಯಕೊಡದ ಇನ್ನೊಂದು ಸದ್ದು ಕೇಳಿಸತೊಡಗಿತು. ಗುಂಯ್ ಎಂಬ ಒಂದೇ ಶ್ರುತಿ. ದನಿ ಏರಿಸಿದರೆ ಅದೂ ಏರುತ್ತಿತ್ತು, ನುಡಿಸುವುದು ನಿಲ್ಲಿಸಿದರೆ ತಾನೇ ಕಛೇರಿ ಮುಂದುವರಿಸುತ್ತಿತ್ತು. ಸಾಲದ್ದಕ್ಕೆ ಬರಿಗಾಲು ನೆಲಕ್ಕೂರಿ ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಚಪ್ಪಲಿ ಹಾಕಿಕೊಳ್ಳೋಣವೆಂದರೆ ಪಕ್ಕದಲ್ಲೇ ದೇವರ ಕೋಣೆ. ಅಮ್ಮ ಊಟದ ಮಣೆಯೊಂದನ್ನು ತಂದು ನನ್ನ ಕಾಲಡಿಗೆ ತಳ್ಳಿದಳು. ಹಾಗಾಗಿ ನಾನು ಹಸೆಗೆ ಕೂರಿಸಿದ ಮದುಮಗನಂತೆ ಮಣೆಯ ಮೇಲೆ ಪಾದಗಳನ್ನು ಜೋಡಿಸಿಕೊಂಡು ರಾಕ್ ಸಂಗೀತ ಸಾಧನೆ ಮಾಡಿದೆ.

ಮಣೆಯಿಂದ ಜುಮ್ಮೆನ್ನುವುದು ನಿಂತಿತು, ಗುಂಯ್ ನಿಲ್ಲಲಿಲ್ಲ. ಫೋನಿನಲ್ಲಿ ಹಾಸನದ ಅಂಗಡಿಯವನು "ಅರ್ತಿಂಗ್ ನೋಡುಸ್ಬುಡಿ ಸಾ" ಎಂದ. ಅರ್ತಿಂಗ್ ಇದೆಯಲ್ಲ, ಮನೆ ಕಟ್ಟಿದಾಗಲೇ ಹಾಕಿಸಿದ್ದೇವೆ ಎಂದು ನಾನು ಗದರಿದೆ. ಅಕ್ಕಪಕ್ಕದವರ ಬೋರ್‌ವೆಲ್ ಮೋಟರು, ಫ್ರಿಜ್ಜು, ಟ್ಯೂಬ್‌ಲೈಟು, ಕಡೆಗೆ ಅಮ್ಮನ ಆಯುಧಪೂಜೆಯ ಕುಂಕುಮ, ಎಲ್ಲರ ಮೇಲೂ ಆಪಾದನೆ ಹೊರಿಸಿದೆ. ವಿಚಿತ್ರವೆಂದರೆ ಭಾನುವಾರ ಬೆಳಿಗ್ಗೆ ಅದು ಎಷ್ಟೋ ಕಡಿಮೆಯಿರುತ್ತಿತ್ತು, ಶಾಲೆಯಿಂದ ಬಂದು ಸಂಜೆ ಕೂತರೆ ಮಾತ್ರ ಮೈಮೇಲೆ ಬಂದವರಂತೆ ಗುಂಯ್‌ಗುಡುತ್ತಿತ್ತು.

ಬೇಸಿಗೆ ಕಾಲಿಡುತ್ತಿದ್ದಂತೆ, ಶಾಲೆಗೆ ರಜೆ ಬರುವ ಮುಂಚೆಯೇ, ಅಮ್ಮ ತನ್ನ ತಂಗಿಯ ಮಗಳ ಬಾಣಂತನಕ್ಕೆಂದು ಅರಕಲಗೂಡಿಗೆ ಹೊರಟಳು. "ತುಳಸಿಗೆ ದಿನಾ ನೀರು ಹಾಕೋ, ಮರೀಬೇಡ" ಎಂದು ಬಸ್ಸಿನ ಕಿಟಕಿಯಿಂದಲೂ ಕೂಗಿದಳು. ನಾನು ಹಾಕಿದೆ, ಬಾಡದಿದ್ದರೆ ಸಾಕೆನ್ನುವಷ್ಟು, ಒಂದು ಲೋಟ. ಅವಳು ಹೋದ ಮೇಲೆ ಗುಂಯ್ ಎನ್ನುವುದು ಬೆಳಿಗ್ಗೆ, ಸಂಜೆ, ಭಾನುವಾರ, ಸೋಮವಾರವೆಂಬ ಭೇದವಿಲ್ಲದೆ ನೆಲೆಸಿಬಿಟ್ಟಿತು. ನಾನು ಕಂಪ್ಯೂಟರಿನ ಹೊಟ್ಟೆ ಬಿಚ್ಚಿದೆ, ಮುಚ್ಚಿದೆ, ಊಟ ಬಿಟ್ಟೆ, ಶಾಲೆಯಲ್ಲಿ ಸಿಡುಕಿದೆ. ಮಂಜನ ವ್ಯಾನು ನಮ್ಮ ಬೀದಿಯಲ್ಲಿ ಹಾಯ್ದುಹೋಗುವುದು ಕೇಳಿಸಿದರೆ ಎದೆಯೊಳಗೆ ನಿಜವಾಗಿಯೂ ನೋವಾಗುತ್ತಿತ್ತು.

ಅಮ್ಮ ಹಿಂತಿರುಗಿದವಳು ಚೀಲ ಕೂಡ ಇಳಿಸದೆ ಹಿತ್ತಿಲಿಗೆ ಹೋಗಿ, ಕಡ್ಡಿಯಾಗಿದ್ದ ತುಳಸಿಯನ್ನು ಕಂಡು ಒಂದೇ ಸಮನೆ ಬೈದಳು. "ಆ ಯಂತ್ರಕ್ಕೆ ಆರತಿ ಎತ್ತಕ್ಕೆ ಹೊತ್ತಿರತ್ತೆ ನಿಂಗೆ. ಗಿಡಕ್ಕೆ ನೀರು ಹಾಕಕ್ಕೆ ಕೈ ಬರಲ್ಲ, ಅಲ್ವಾ?" ಬೈಯುತ್ತಲೇ ಆ ತಾಮ್ರದ ಚೊಂಬಿನಲ್ಲಿ ತೊಟ್ಟಿಯಿಂದ ಮೊಗೆಮೊಗೆದು ಸುರಿದಳು. ಒಣಗಿದ್ದ ಮಣ್ಣು ಗಟಗಟ ಕುಡಿಯಿತು. ನಾನು ಬೈಗುಳ ಕೇಳಲಾರದೆ ಒಳಗೆ ಬಂದು ಗಿಟಾರು ಎತ್ತಿಕೊಂಡೆ.

ಗುಂಯ್ ಇರಲಿಲ್ಲ.

ವೈರು ಕಳಚಿದೆಯೇನೋ ಎಂದು ನೋಡಿದೆ, ಇಲ್ಲ. ಮಣೆಯಿಂದ ಕಾಲು ತೆಗೆದು ನೆಲಕ್ಕಿಟ್ಟೆ, ಜುಮ್ಮೆನ್ನಲಿಲ್ಲ. ಮೀಟರ್ ಬೋರ್ಡಿನಿಂದ ಇಳಿದ ಅರ್ತ್ ತಂತಿಯ ಜಾಡು ಹಿಡಿದು ಮಗುವಿನಂತೆ ಅಂಬೆಗಾಲಿಕ್ಕಿ ಹೋದೆ. ನಮ್ಮ ಹಿತ್ತಿಲು ಪೂರಾ ಕಲ್ಲುಚಪ್ಪಡಿ. ಬರಿಮಣ್ಣು ಇದ್ದದ್ದು ತುಳಸಿಕಟ್ಟೆಯ ಬುಡದಲ್ಲಿ ಮಾತ್ರ. ಅಗೆಯಲು ಸುಲಭವೆಂದು ಅಲ್ಲೇ ಅರ್ತಿಂಗ್ ಗುಂಡಿ ತೋಡಿದ್ದರು. ನೆಲ ಹಸಿಯಾಗಿದ್ದರೆ ಭೂಮಿ ನಮ್ಮ ಮನೆಯ ಕರೆಂಟಿನ ಕಾಟವನ್ನು ತನ್ನೊಳಗೆ ಎಳೆದುಕೊಳ್ಳುತ್ತಿತ್ತು. ಒಣಗಿದರೆ ಅದು ತಿರುಗಿ ನನ್ನ ಗಿಟಾರಿಗೆ ಬರುತ್ತಿತ್ತು. ದಿನಾ ಬೆಳಿಗ್ಗೆ ಅಮ್ಮ ಸುರಿದ ನೀರು ಸಂಜೆಯ ಹೊತ್ತಿಗೆ ಆರಿಹೋಗುತ್ತಿತ್ತು, ಅಷ್ಟೇ.

ಅಂದಿನಿಂದ ಶಾಲೆಗೆ ಮುಂಚಿನ ಬೆಳಗು ನಮ್ಮಿಬ್ಬರದಾಯಿತು. ಹಿತ್ತಿಲ ಬಾಗಿಲು ತೆರೆದಿಟ್ಟು ಅವಳು "ಸುರೀಲೇನೋ?" ಎಂದು ಕೇಳುತ್ತಿದ್ದಳು, ನಾನು "ಸುರಿ" ಎಂದು ನನ್ನ ಧಾಟಿಯನ್ನು ರೆಕಾರ್ಡ್ ಮಾಡಲು ತೊಡಗುತ್ತಿದ್ದೆ. ತುಳಸಿಗೆ ನೀರೆರೆಯುವಾಗ ಅವಳಿಗೊಂದು ಹಾಡು ಬೇಕು. ಅವಳ ತವರಿನಿಂದ ಬಂದದ್ದು, ಎಲ್ಲೂ ಅಚ್ಚಾಗದ್ದು. ಪಕ್ಕದ ಮನೆಗೆ ಕೇಳಿಸೀತೆಂಬ ಸಂಕೋಚದಲ್ಲಿ ಅದನ್ನು ಅವಳು ಯಾವಾಗಲೂ ಬಾಯೊಳಗೇ ಗುನುಗಿಕೊಳ್ಳುವುದು.

"ನಾನು ಹಾಡಿದ್ದು ಅದ್ರೊಳಗೆ ಸೇರ್ಕೊಂಡ್ಬಿಡಲ್ವೇನೋ?" ಎಂದು ಮೊದಲ ದಿನವೇ ಕೇಳಿದಳು.

"ಇಲ್ಲಮ್ಮ, ಇದು ಡೈರೆಕ್ಟು. ತಂತಿ ಬಿಟ್ರೆ ಇದಕ್ಕೆ ಇನ್ನೇನೂ ಕೇಳ್ಸಲ್ಲ. ಎಷ್ಟು ಬೇಕಾದ್ರೂ ಹಾಡ್ಕೋ."

ಯಾರಿಗೂ ಕೇಳಿಸುವುದಿಲ್ಲವೆಂಬ ಆ ಧೈರ್ಯಕ್ಕೋ, ಗಿಟಾರಿನ ಸದ್ದಿನ ಮರೆ ಸಿಕ್ಕಿತೆಂಬ ಸಮಾಧಾನಕ್ಕೋ, ಅಮ್ಮ ಆ ಬೆಳಗುಗಳಲ್ಲಿ ಎಂದೂ ಹಾಡದ ಹಾಗೆ ಕಂಠಬಿಚ್ಚಿ ಹಾಡಿದಳು. ಅವಳಿಗೆ ಅಷ್ಟು ದೊಡ್ಡ ದನಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವಳ ಶ್ರುತಿಯೂ ನನ್ನ ಧಾಟಿಯ ಶ್ರುತಿಯೂ ಹೊಂದಿಕೊಂಡಿದ್ದು ಆಕಸ್ಮಿಕವಿರಲಾರದು. ಅವಳ ಗುನುಗನ್ನು ಕೇಳಿಕೊಂಡೇ ಬೆಳೆದವನಲ್ಲವೇ ನಾನು.

ಸಿಡಿ ತೆಗೆದುಕೊಂಡು ಹಳ್ಳಿಮೈಸೂರಿಗೆ ಹೋದೆ. ಮಂಜ ಕಣ್ಣುಮುಚ್ಚಿ ಕೇಳಿದ, ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದ. "ಗುಂಡೀದು ಇದ್ರ ಕಾಲ್ದೂಳಿಗೂ ಬರಾಕಿಲ್ಲ ಕಣ್ಲಾ," ಎಂದ. "ಆದ್ರೆ ನಡುವ್ನಲ್ಲಿ ಒಂದ್ ಕಡೆ ಯಾಕ್ಲಾ ನಿಂತ್ಬುಟ್ಟಿದ್ದೀಯಾ? ತಾಳ ಕಾಯ್ತಾ ಕುಂತದೆ."

"ಅದು ಹಾಗೇ ಚೆನ್ನಾಗಿದೆ, ಬಿಡು," ಎಂದೆ.

ಗೆದ್ದೆನೆಂದು ನಾನು ಹಿಗ್ಗುತ್ತಿರುವಾಗಲೇ ಅವನು ಪ್ರೀತಿಯಿಂದ ನನ್ನ ಹೆಗಲ ಮೇಲೆ ಕೈಹಾಕಿದ. "ಈಟ್ ಚೆಂದಾಗೈತಲ್ಲ, ಇದ್ನೇ ಆಕ್ಬುಡಾನ. ಸಿಡಿ ಐತಲ್ಲಾ, ಇನ್ ನೀನ್ಯಾಕ್ ವ್ಯಾನಲ್ಲಿ ಒದ್ದಾಡ್ಕಂಡ್ ಬತ್ತೀಯಾ? ಆರಾಮಾಗಿ ಮನೇಲಿರು."

ಹೀಗೆ ನನ್ನ ಸೀಟಿನ ಮೇಲೆ ನನ್ನ ಸಿಡಿ ಕೂತು ಸವಾರಿ ಹೊರಟಿತು. ಎಷ್ಟೋ ವರ್ಷ ಚನ್ನರಾಯಪಟ್ಟಣದ ಛತ್ರಗಳಲ್ಲಿ ನನ್ನ ಗಿಟಾರು ನಾನಿಲ್ಲದೆ ನುಡಿಯಿತು. ಸಿಟ್ಟಿನಲ್ಲಿ ಕೆಲಕಾಲ ಮದುವೆಯೂಟಗಳನ್ನೇ ಬಿಟ್ಟಿದ್ದೆ. ಒಂದು ಸಲ ಮಾತ್ರ ತಪ್ಪಿಸಿಕೊಳ್ಳಲಾಗದ ಆರತಕ್ಷತೆಗೆ ಹೋದಾಗ ನೋಡಿದೆ: ಗಂಡುಹೆಣ್ಣು ಮೆಟ್ಟಿಲು ಹತ್ತುತ್ತಿದ್ದಾರೆ, ನನ್ನ ಧಾಟಿ ನಡೆಯುತ್ತಿದೆ, ನಡುವೆ ಅದು ನಿಂತ ಕಡೆ ತಬಲದವನು ಕೈ ಮೇಲೆತ್ತಿ ಕಾದ, ಕೀಬೋರ್ಡಿನವನು ಕಾದ, ಏನೋ ಆಯಿತೆಂದು ಮದುಮಗಳೂ ಮೆಟ್ಟಿಲ ಮೇಲೆ ಹೆಜ್ಜೆ ತಡೆದು ನಿಂತಳು. ಆಮೇಲೆ ಗಿಟಾರು ಮುಂದುವರಿಯಿತು, ಎಲ್ಲರೂ ಹೊರಟರು. ನಾನು ತಟ್ಟೆ ಹಿಡಿದುಕೊಂಡು ನಕ್ಕೆ, ಅಷ್ಟೇ.

ಅಮ್ಮ ಹೋಗಿ ವರ್ಷಗಳಾದವು. ಮನೆಯ ವೈರಿಂಗ್ ಹೊಸದಾಗಿದೆ, ಹೊಸ ಅರ್ತಿಂಗಿಗೆ ಯಾರೂ ನೀರೆರೆಯಬೇಕಾಗಿಲ್ಲ. ಅವಳ ಫೋಟೋಗಳಿವೆ, ಸೀರೆಗಳಿವೆ, ದನಿ ಮಾತ್ರ ಎಲ್ಲೂ ಇಲ್ಲ. ಅವಳು ಕಂಠಬಿಚ್ಚಿ ಹಾಡುತ್ತಿದ್ದ ಅಷ್ಟೂ ಹೊತ್ತು ನನ್ನ ಯಂತ್ರ ರೆಕಾರ್ಡ್ ಮಾಡುತ್ತಲೇ ಇತ್ತೆಂಬುದನ್ನು ನೆನೆದರೆ ಇವತ್ತಿಗೂ ನಾನು ಕೂತಲ್ಲಿ ಕೂರಲಾರೆ. ದನಿ ಏರಿಸಿ, ಕಿವಿಗೆ ಹೆಡ್‌ಫೋನ್ ಒತ್ತಿ, ಆ ಧಾಟಿಯನ್ನು ಸೋಸಿ ಸೋಸಿ ಕೇಳುತ್ತೇನೆ. ಬರಿಯ ತಂತಿ. ಅದರ ಹಿಂದೆ ಗುಂಯ್ ಎನ್ನದ, ಒಂದು ಚೂರೂ ಕಲೆಯಿಲ್ಲದ ಸ್ತಬ್ಧತೆ. ಅವಳು ನೀರು ಸುರಿದ ಗುರುತು ಅದೊಂದೇ. ಆಮೇಲೆ, ನಡುವಿನಲ್ಲಿ, ಗಿಟಾರು ನಿಲ್ಲುತ್ತದೆ. ಯಾಕೆ ನಿಂತೆನೆಂದು ಮಂಜನಿಗೆ ಹೇಳಲು ಅವತ್ತು ನನಗೇ ತಿಳಿದಿರಲಿಲ್ಲ. ಈಗ ತಿಳಿದಿದೆ. ಅಲ್ಲಿ ಅಮ್ಮನ ಹಾಡಿನ ಸಾಲೊಂದು ಇನ್ನೂ ಮುಗಿದಿರಲಿಲ್ಲ.

ದಿನವೂ ಬೆಳಿಗ್ಗೆ ಈ ಚೊಂಬು ತುಂಬಿಸಿಕೊಂಡು ಹೋಗಿ ತುಳಸಿಗೆ ಸುರಿಯುತ್ತೇನೆ, ತಳದಲ್ಲಿ ಉಳಿದದ್ದನ್ನು ಹಾಗೇ ತಂದು ಇಲ್ಲಿಟ್ಟು, ಆ ಧಾಟಿಯನ್ನು ಹಾಕುತ್ತೇನೆ. ಗಿಟಾರು ನಿಂತ ಕಡೆ ನಾನು ಹಾಡಲು ಬಾಯಿ ತೆರೆಯುತ್ತೇನೆ. ಆ ಸಾಲು ನನಗೆ ಬರುವುದಿಲ್ಲ.