ಮಗಳ ಐರಾಣಿ ಹೊತ್ತು ಗೇಟಿನಲ್ಲಿ ಕೂತಾಗ ಮಲ್ಲಯ್ಯ ಕೊಟ್ಟ ಉತ್ತರ

ಮಲ್ಲಯ್ಯನನ್ನು ನಂಬಿ ಬಾಳುವ ಎಲ್ಲರಿಗೂ ಮಾದೇವಿಯ ಶರಣಾರ್ಥಿ. ಇಂಥ ಅನುಭವಗಳನ್ನು ಬರೆಯುವವರು ಸಾಮಾನ್ಯವಾಗಿ ಕಣ್ಣೀರು ಒರೆಸಿಕೊಂಡು ಬರೆಯುತ್ತಾರೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ದೇವರು ಮಾಡಿದ್ದನ್ನು ಮಾಡಿದ ಎಂದು ಹೇಳದೆ ಸುಮ್ಮನಿದ್ದರೆ ತಪ್ಪಾಗುತ್ತದೆ.

ಕಲಬುರಗಿಯಲ್ಲಿ ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ತೊಗರಿಬೇಳೆ ಆರಿಸುವ ಹೆಂಗಸರ ಉಸ್ತುವಾರಿ ನನ್ನದು. ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಒಬ್ಬಳೇ ಮಗಳು ಶಿಲ್ಪಾ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸೊಲ್ಲಾಪುರದ ಸಂತೋಷನ ಜೊತೆ ಅವಳ ಲಗ್ನ ಗೊತ್ತಾಯಿತು. ಒಂದು ಸಂಜೆ ಚಹಾ ಕುಡಿಯುತ್ತಾ ಅವಳು ಬಾಂಬ್ ಹಾಕಿದಳು.

"ಯವ್ವಾ, ನಾವು ಡೆಸ್ಟಿನೇಶನ್ ವೆಡ್ಡಿಂಗ್ ಮಾಡ್ಕೋತೀವಿ."

"ಅಂದ್ರ ಏನವಾ?"

"ಮನಿ ಮುಂದ ಹಂದರ ಹಾಕೂದಿಲ್ಲ, ಕಲ್ಯಾಣ ಮಂಟಪನೂ ಬ್ಯಾಡ. ಎಲ್ಲರೂ ಬ್ಯಾರೆ ಊರಿಗಿ ಹೋಗಿ ಚಂದನ ಜಾಗಾದಾಗ ಮಾಡೂದು."

"ಗೋವಾಕ್ಕೇನ?"

"ಕಮಲಾಪುರಕ್ಕ."

ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಆ ಊರಿನ ಬಾಳೆಹಣ್ಣಿನವರು ನಮ್ಮ ಸೂಪರ್ ಮಾರ್ಕೆಟ್ ಬಜಾರಿಗೆ ದಿನಾ ಬಂದು ಹೋಗುತ್ತಾರೆ. ಅದೂ ಒಂದು ಡೆಸ್ಟಿನೇಶನ್ನೇ? ಆದರೆ ಹೋಗಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಕೆಂಪು ಬಾಳೆಯ ತೋಟ, ನಡುವೆ ಹುಲ್ಲುಹಾಸು, ಬೀಗರು ಇಳಿದುಕೊಳ್ಳಲು ಎಂಟು ಕೋಣೆ. ಮಗಳ ಮುಖ ನೋಡಿ ಆಗಲಿ ಅಂದೆ.

ವ್ಯವಸ್ಥೆಯೆಲ್ಲ ರಫೀಕ್‌ಭಾಯಿಯದು. ಮೊದಲು ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದವರು ಈಗ ಇವೆಂಟ್ ಮ್ಯಾನೇಜರ್ ಆಗಿದ್ದಾರೆ. ನಮ್ಮ ಮನೆಗೆ ಬಂದು, ಏನೇನು ಕೆಡಬಹುದು ಎಂಬುದರ ದೊಡ್ಡ ಪಟ್ಟಿಯನ್ನೇ ಬಿಚ್ಚಿದರು. "ಅಮ್ಮಾ, ಫಿಕರ್ ಮಾಡಬ್ಯಾಡ್ರಿ. ಮಳಿ ಬಂದ್ರ ಶೀಟ್ ತಯಾರ್ ಅದ. ಕರೆಂಟ್ ಹ್ವಾದ್ರ ಜನರೇಟರ್ ಅದ. ಅಡಗಿಯವ ಕೈ ಕೊಟ್ರ ಇನ್ನೊಬ್ಬ ಅದಾನ. ಗಾಡಿ ಕೆಟ್ರ ಇನ್ನೊಂದು ಗಾಡಿ ಖಾಲಿ ನಿಂದರ್ಸಿರ್ತೀನಿ." ಊರು ಬಿಟ್ಟು ಊರಿಗೆ ಹೋಗಿ ಮದುವೆ ಮಾಡುವವರು ಇದನ್ನೆಲ್ಲ ಬರೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಎಲ್ಲದಕ್ಕೂ ಆ ಪಟ್ಟಿಯಲ್ಲಿ ದಾರಿ ಇತ್ತು. ಗಂಡನಿಲ್ಲದ ತಾಯಿಗೆ ಮಾತ್ರ ಇರಲಿಲ್ಲ.

ನಮ್ಮ ಕಡೆಯ ಲಗ್ನದಲ್ಲಿ ಐರಾಣಿ ತರುವ ಪದ್ಧತಿ ಇದೆ. ಸುಣ್ಣ ಹಚ್ಚಿ ಬಣ್ಣದ ಗೆರೆ ಬರೆದ ಐದು ಮಣ್ಣಿನ ಗಡಿಗೆಗಳನ್ನು ಕುಂಬಾರರ ಮನೆಯಿಂದ ಬಾಜಾಬಜಂತ್ರಿಯೊಂದಿಗೆ ತಂದು ಹಂದರದಲ್ಲಿ ಇಡುತ್ತೇವೆ. ಹೊರುವವರು ಐದು ಜನ ಮುತ್ತೈದೆಯರು. ದಾರಿಯಲ್ಲಿ ಎಲ್ಲಿಯೂ ನೆಲಕ್ಕೆ ಇಡುವಂತಿಲ್ಲ. ಕುಂಬಾರ ಓಣಿಯಿಂದ ನಮ್ಮ ಓಣಿಗಾದರೆ ಹತ್ತು ನಿಮಿಷದ ನಡಿಗೆ. ಆದರೆ ಹಂದರ ಕಮಲಾಪುರದಲ್ಲಿ!

ಯಾರು ಒಯ್ಯಬೇಕೆಂದು ತೀರ್ಮಾನಿಸಿದವಳು ನನ್ನ ನೆಗೆಣ್ಣಿ ನೀಲಮ್ಮ, ಯಜಮಾನರ ಅಣ್ಣನ ಹೆಂಡತಿ. ಮನೆತನದ ಎಲ್ಲ ಶಾಸ್ತ್ರಕ್ಕೂ ಅವಳೇ ಮುಂದೆ.

"ಮಾದೇವಿ, ನಮಗ ಬೆಳಿಗ್ಗಿ ಪಾರ್ಲರ್‌ದಾಕಿ ಬರ್ತಾಳ. ನಾವು ಬಸ್ಸಿನ್ಯಾಗ ಹಿಂದಿಂದ ಬರ್ತೀವಿ. ನೀ ಗಡಿಗಿ ತುಗೊಂಡು ಮುಂದ ಹೋಗು. ಗೇಟಿನ ತನಕ ನೀ ಹಿಡಕೊ, ಗೇಟಿನಿಂದ ಒಳಗ ನಾವು ಐದು ಮಂದಿ ಹೊರ್ತೀವಿ."

"ನಾ ಮುಟ್ಟಿದ್ರ ನಡೀತದೇನ್ ಅಕ್ಕಾ?" ಎಂದು ಬೇಕೆಂದೇ ಕೇಳಿದೆ.

"ಮ್ಯಾಲ ಬಟ್ಟಿ ಮುಚ್ಚಿದ್ರ ದೋಷಿಲ್ಲ."

ಕೇಳಿದಿರಾ? ಹೊರಲು ನಾನು ಬೇಕು, ಶಾಸ್ತ್ರಕ್ಕೆ ನಾನು ಬೇಡ. ಶರಣರ ವಚನ ಹೇಳಿಕೊಂಡು ಊಟಕ್ಕೆ ಕೂಡುವ ಮನೆಯವರು ನಾವು. ಸೂತಕವೆಂಬುದೇ ಇಲ್ಲವೆಂದು ಸಾರಿದವರ ಪಟಕ್ಕೆ ದಿನಾ ಹೂವು ಏರಿಸುತ್ತೇವೆ. ಆ ಮಗಳನ್ನು ಹೆತ್ತವಳು ನಾನು, ಓದಿಸಿದವಳು ನಾನು, ಟೈಫಾಯಿಡ್ ಬಂದಾಗ ದವಾಖಾನೆಯ ನೆಲದ ಮೇಲೆ ಮಲಗಿದವಳು ನಾನು. ಅವಳ ಗಡಿಗೆಯ ಮೇಲೆ ನನ್ನ ಕೈ ಬಿದ್ದರೆ ಬಟ್ಟೆ ಮುಚ್ಚಬೇಕಂತೆ! ಜಗಳಕ್ಕೆ ನಿಂತೆ. ಆದರೆ ಶಿಲ್ಪಾ ನನ್ನ ಕೈ ಹಿಡಿದು, "ಯವ್ವಾ, ಈಗ ಅವರ ಕೂಡ ಜಗಳ ಬ್ಯಾಡ" ಎಂದಳು. ನೀಲಮ್ಮನ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಮಗಳೂ ಅವರ ಕಡೆಗೇ ಆದಳಲ್ಲ ಅನ್ನಿಸಿತು.

ಮರುದಿನ ಸೋಮವಾರ. ನಮ್ಮ ಓಣಿಯ ಮಲ್ಲಯ್ಯನ ಗುಡಿಗೆ ಎಣ್ಣೆ ಒಯ್ಯುತ್ತೇನೆ, ಇಪ್ಪತ್ತು ವರ್ಷದಿಂದ ತಪ್ಪಿಸಿಲ್ಲ. ಅಂದು ದೀಪಕ್ಕೆ ಎಣ್ಣೆ ಹಾಕಿ ಕೈ ಮುಗಿಯಲಿಲ್ಲ. ಎದುರಿಗೆ ನಿಂತು ನೇರವಾಗಿ ಕೇಳಿದೆ. "ಮಲ್ಲಯ್ಯ, ನನ್ನ ಮಗಳ ಐರಾಣಿ ನಾನು ಹಂದರದಾಗ ಇಡಬೇಕು. ಯಾರೋ ಬರಲಿಲ್ಲಂತ ಬದಲಿ ಆಳಿನಂಗ ಅಲ್ಲ. ತಾಯಿ ಅಂತ ಇಡಬೇಕು. ಕೊಡ್ತೀಯೋ ಇಲ್ಲೋ, ಅದನ್ನರ ಹೇಳು." ಪೂಜಾರಿ ಹೌಹಾರಿ ನನ್ನತ್ತ ನೋಡಿದ. ದೇವರ ಜೊತೆ ಹೀಗೆ ಮಾತಾಡಬಾರದು ಎನ್ನುವವರು ತಮ್ಮ ದೇವರ ಜೊತೆ ಹೇಗೆ ಬೇಕೋ ಹಾಗೆ ಮಾತಾಡಲಿ.

ಲಗ್ನ ಮಾರ್ಚ್ ತಿಂಗಳ ಒಂದು ಗುರುವಾರ. ಒಂಬತ್ತಕ್ಕೆ ಐರಾಣಿ, ಹನ್ನೆರಡೂವರೆಗೆ ಅಕ್ಷತೆ. ಶಿಲ್ಪಾ ಹಿಂದಿನ ದಿನವೇ ಗೆಳತಿಯರೊಂದಿಗೆ ಕಮಲಾಪುರಕ್ಕೆ ಹೋಗಿದ್ದಳು. ಗಡಿಗೆ ಒಯ್ಯಲು ಆರೂವರೆಗೆ ಬರಬೇಕಾಗಿದ್ದ ಕಾರು ಬರಲಿಲ್ಲ. ಸೊಲ್ಲಾಪುರದ ಬೀಗರನ್ನು ಕರೆತರಲು ಸ್ಟೇಶನ್ನಿಗೆ ಹೋಗಿದೆಯಂತೆ. ಕಾಯುತ್ತ ಕೂಡಲು ನನಗೆ ಪುರುಸೊತ್ತಿರಲಿಲ್ಲ. ಕುಂಬಾರ ಓಣಿಗೆ ಹೋಗಿ, ಬುಟ್ಟಿಯಲ್ಲಿ ಮೆತ್ತಗೆ ಕೌದಿ ಹಾಸಿ ಐದು ಗಡಿಗೆ ಜೋಡಿಸಿಕೊಂಡು ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಹುಮನಾಬಾದ್ ಬಸ್ ಹತ್ತಿದೆ. ಬಟ್ಟೆ ಮುಚ್ಚಲಿಲ್ಲ. ಬೇಕೆಂದೇ ಮುಚ್ಚಲಿಲ್ಲ.

"ಅಮ್ಮಾ, ಬುಟ್ಟಿ ಕೆಳಗ ಇಡ್ರಿ. ಇನ್ನೂ ಮಂದಿ ಹತ್ತತಾರ" ಎಂದ ಕಂಡಕ್ಟರ್.

"ನೆಲಕ್ಕ ಇಡಂಗಿಲ್ಲಪಾ, ಐರಾಣಿ ಅವ."

"ಯಾರ ಮದಿವಿ?"

"ನನ್ನ ಮಗಳದು."

"ಮತ್ತ ಬ್ಯಾಂಡು, ಮುತ್ತೈದೇರು ಎಲ್ಲಾ ಎಲ್ಲಿ?"

ಕುಂಕುಮವಿಲ್ಲದ ನನ್ನ ಹಣೆ ಅವನ ಕಣ್ಣಿಗೆ ಬಿತ್ತು. ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಒಂದು ತಾಸು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ರಸ್ತೆಯ ಪ್ರತಿ ಹಂಪ್‌ಗೂ ಎದೆ ಝಲ್ ಎನ್ನುತ್ತಿತ್ತು. ಒಂದಕ್ಕೂ ಬಿರುಕು ಬೀಳಲಿಲ್ಲ.

ಎಂಟೂಮುಕ್ಕಾಲಿಗೆ ತೋಟದ ಗೇಟು ಮುಟ್ಟಿದೆ. ಬ್ಯಾಂಡಿನವರು ತಯಾರಾಗಿ ನಿಂತಿದ್ದರು. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಮುತ್ತೈದೆಯರ ಬಸ್ಸಿನ ಸುಳಿವಿಲ್ಲ. ಆಮೇಲೆ ನೀಲಮ್ಮನ ಫೋನ್ ಬಂತು. ಅರ್ಧ ದಾರಿಯಲ್ಲಿ ಗಾಲಿ ಪಂಚರ್ ಆಗಿದೆ, ಇರುವ ಸ್ಟೆಪ್ನಿಯಲ್ಲಿ ಗಾಳಿಯಿಲ್ಲ!

ಒಳಗಿನಿಂದ ಲಗ್ನ ಮಾಡಿಸುವ ಅಯ್ಯನವರು ಬಂದರು, ಹುಡುಗನ ತಾಯಿಯೂ ಬಂದರು. ಇಬ್ಬರೂ ಗುಸುಗುಸು ಮಾತಾಡಿಕೊಂಡರು. ಅಯ್ಯನವರು ನನ್ನ ಕಡೆ ತಿರುಗಿ, "ಯಾರೂ ಇಲ್ಲಂದ್ರ ನಡೀತದ್ರಿ. ತಾಯೇರೇ ತರ್ಲಿ" ಎಂದರು. ಅಷ್ಟರಲ್ಲಿ ಮತ್ತೆ ನೀಲಮ್ಮನ ಫೋನ್. "ಇಲಾಜಿಲ್ಲ ತಂಗಿ, ನೀನೇ ಒಳಗ ಒಯ್ಯಿ. ದೇವರು ಕ್ಷಮಾ ಮಾಡ್ತಾನ."

ಭಕ್ತರೇ, ನಾನು ಬೇಡಿದ್ದು ಕೈಗೆ ಬಂದಿತ್ತು. ಹತ್ತು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆದರೆ "ಕ್ಷಮಾ" ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಮೈಯೆಲ್ಲ ಉರಿಯಿತು. ಕ್ಷಮಿಸಲು ನಾನು ಮಾಡಿದ ತಪ್ಪಾದರೂ ಏನು? ಗಂಡ ಸತ್ತದ್ದೇ? ಸ್ಟೆಪ್ನಿಯಲ್ಲಿ ಗಾಳಿಯಿಲ್ಲದ್ದಕ್ಕೆ ನಾನು ತಾಯಿ, ಇದ್ದಿದ್ದರೆ ನಾನು ಹೊರೆಯಾಳು!

"ಇಲ್ರಿ ಅಯ್ಯನೋರ" ಎಂದೆ. "ಯಾರೂ ಇಲ್ಲಂತ ನಾ ಒಳಗ ಬರಾಂಗಿಲ್ಲ. ಅವರು ಬಂದ ಮ್ಯಾಲ ಅವರೇ ಒಯ್ಲಿ."

ಎಲ್ಲರೂ ದಂಗಾದರು. ರಫೀಕ್‌ಭಾಯಿ ಓಡಿ ಹೋಗಿ ಕುರ್ಚಿ ತಂದು ಹಾಕಿದರು. ಪಕ್ಕದಲ್ಲೇ ನಿಂತು ಮೆಲ್ಲಗೆ ಕೇಳಿದರು, "ಅಮ್ಮಾ, ಖರೇ ಹೇಳ್ರಿ, ನಿಮ್ ಮಗಳ ಶಾದಿಗಿ ನೀವ್ ಒಳಗ ಬರಬ್ಯಾಡ್ರಿ ಅಂತ ಮನಾ ಯಾರ್ ಮಾಡ್ಯಾರ?" ಆದದ್ದೆಲ್ಲ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ತೋಳು ಜೋಮು ಹಿಡಿದವು. ಮೇಲೆ ಬಿಸಿಲು. ಒಳಗೆ ನನ್ನ ಮಗಳ ಲಗ್ನ, ಹೊರಗೆ ನಾನು ಕಾವಲುಗಾರನ ಹಾಗೆ. ಹೊತ್ತು ಹೋದಂತೆ ಸಿಟ್ಟು ಕರಗಿ ಭಯವಾಯಿತು. ಕೊಟ್ಟಿದ್ದನ್ನು ತಳ್ಳಿಬಿಟ್ಟೆನಲ್ಲ, ಮುಹೂರ್ತ ತಪ್ಪಿದರೆ ಮಗಳು ನನ್ನ ಮುಖ ನೋಡುವಳೇ? ಮಲ್ಲಯ್ಯ, ನನ್ನ ಬಾಯಿಯೇ ನನಗೆ ಶತ್ರುವಾಯಿತಲ್ಲ ಎಂದು ಒಳಗೊಳಗೇ ಅತ್ತೆ. ಕೊನೆಗೆ, "ನನ್ನದು ಹೋದ್ರ ಹೋಗ್ಲಿ, ಅವಳ ಅಕ್ಷತಾ ವೇಳ್ಯಾಕ್ಕ ಬೀಳ್ಲಿ" ಎಂದು ಬೇಡಿಕೊಂಡೆ. ಆ ಗಳಿಗೆಯಲ್ಲಿ ನಾನು ಪೂರ್ತಿ ಸೋತಿದ್ದೆ.

ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಬಿಳಿ ಟೆಂಪೊ ಬಂದು ನಿಂತಿತು. ರಫೀಕ್‌ಭಾಯಿ ಖಾಲಿ ನಿಲ್ಲಿಸುತ್ತೇನೆ ಎಂದಿದ್ದ ಗಾಡಿ ಅದು. ಅದರಿಂದ ನೀಲಮ್ಮ ಇಳಿದಳು, ಹಿಂದೆ ನಾಲ್ಕು ಜನ ಮುತ್ತೈದೆಯರು. ಬ್ಯಾಂಡು ಶುರುವಾಯಿತು. ನೀಲಮ್ಮ ನೇರವಾಗಿ ಬಂದು ಬುಟ್ಟಿಗೆ ಕೈ ಚಾಚಿದಳು. ಮುಗಿಯಿತು ಅಂದುಕೊಂಡು ನಾನೂ ಎತ್ತಿ ಕೊಡಲು ಹೋದೆ.

"ನಿಂದರ್ರಿ ದೊಡ್ಡವ್ವಾ."

ನೋಡಿದರೆ ಶಿಲ್ಪಾ! ಅರಿಶಿಣದ ಸೀರೆಯಲ್ಲಿ, ಬಾಸಿಂಗ ಕಟ್ಟಿಕೊಳ್ಳಬೇಕಾದ ಹುಡುಗಿ, ಬರಿಗಾಲಲ್ಲಿ ಗೇಟಿನ ತನಕ ಬಂದಿದ್ದಳು. ಹಿಂದೆ ಗಂಡ ಆಗುವವನು, ಅವನ ತಾಯಿ, ಅಯ್ಯನವರು, ಕ್ಯಾಮೆರಾದವರು.

"ಯವ್ವಾ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೀ ಹೇಳಿದ್ದು ರಫೀಕ್‌ಭಾಯಿ ನನಗ ಹೇಳ್ಯಾರ. ಬದಲಿ ಅಂತ ನೀ ಬರಬ್ಯಾಡ. ಅದಕ್ಕ ನಾನೇ ಟೆಂಪೊ ಕಳಿಸಿ ಇವರನ್ನ ಕರಿಸೀನಿ. ಈಗ ಐದೂ ಮಂದಿ ಬಂದಾರ. ಯಾರೂ ಕಡಿಮಿ ಇಲ್ಲ. ಈಗ ನೀ ಬಾ. ನೀ ಇಡದಿದ್ರ ನಾ ಹಂದರದಾಗ ಕೂಡಂಗಿಲ್ಲ."

ಅಂದು ನನ್ನ ಕೈ ಹಿಡಿದು ಜಗಳ ಬ್ಯಾಡ ಎಂದವಳು ಇವಳೇ. ನೀಲಮ್ಮ ಅಯ್ಯನವರ ಮುಖ ನೋಡಿದಳು. ಅವರು ಗಡಿಯಾರ ನೋಡಿ, "ತಾಯಿಗಿಂತ ದೊಡ್ಡ ಮುತ್ತೈದಿ ಯಾರದಾರವಾ? ನಡೀರಿ, ವೇಳ್ಯಾ ಆಗ್ತದ" ಎಂದರು. ಒಂದು ತಾಸಿನ ಹಿಂದೆ ಈ ಮಾತು ಇವರಿಗೆ ಹೊಳೆದಿರಲಿಲ್ಲ, ಇರಲಿ.

ಗಡಿಗೆ ಐದು, ಹೆಂಗಸರು ಆರು. ಒಬ್ಬರು ಬಿಡಬೇಕು. ನೀಲಮ್ಮ ನಾಲ್ಕನ್ನು ಉಳಿದ ನಾಲ್ವರ ಕೈಗೆ ಕೊಟ್ಟಳು. ಐದನೆಯದನ್ನು ತಾನೇ ಎತ್ತಿ, ಸೆರಗಿನಿಂದ ಒರೆಸಿ, ನನ್ನ ಕೈಯಲ್ಲಿಟ್ಟಳು. "ನನ್ನ ಮೊಣಕಾಲ ನೋಯ್ತಾವ. ನೀನೇ ಹಿಡಿ" ಎಂದಳು.

ಮೊಣಕಾಲಂತೆ! ಎರಡು ದಿನದ ಹಿಂದೆ ನಮ್ಮ ಮಾಳಿಗೆಯ ಮೇಲೆ ಮೆಹಂದಿ ಕಾರ್ಯಕ್ರಮದಲ್ಲಿ ಡಿಜೆ ಹಾಡಿಗೆ ಕುಣಿದ ಕಾಲುಗಳು ಅವು. ಆದರೆ ಅವಳು ಕೊಟ್ಟ ಗಡಿಗೆಯ ಮೇಲೆ ಬಟ್ಟೆ ಮುಚ್ಚಿರಲಿಲ್ಲ. ಅವಳು ಬರಿಗೈಯಲ್ಲಿ ನನ್ನ ಬಲಗಡೆಗೆ ನಡೆದು ಬಂದಳು. ಬ್ಯಾಂಡಿನ ಸದ್ದಿನಲ್ಲಿ ನಾನು ನನ್ನ ಮಗಳ ಗಡಿಗೆಯನ್ನು ಹಂದರದಲ್ಲಿ ಇಟ್ಟೆ. ಹನ್ನೆರಡೂವರೆಗೆ ಸರಿಯಾಗಿ ಅಕ್ಷತೆ ಬಿತ್ತು.

ಇದೆಲ್ಲ ಕಾಕತಾಳೀಯ ಎನ್ನುವವರು ಅನ್ನಲಿ. ಬಸ್ ಕೆಡದಿದ್ದರೆ ಒಂಬತ್ತಕ್ಕೇ ಗಡಿಗೆ ಕೊಟ್ಟು ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಖಾಲಿ ಟೆಂಪೊ ಇರದಿದ್ದರೆ ಬದಲಿಯಾಗಿಯೇ ಉಳಿಯುತ್ತಿದ್ದೆ. ನಾನು ಕೇಳಿದ್ದನ್ನು ಮಲ್ಲಯ್ಯ ಒಂದು ಅಕ್ಷರ ಬಿಡದೆ ಕೊಟ್ಟ. ಕೊಡುವ ಮೊದಲು ಎರಡು ತಾಸು ಬಿಸಿಲಲ್ಲಿ ಕೂಡಿಸಿದ, ಅದರ ಲೆಕ್ಕ ಬೇರೆ ಇದೆ, ಅದನ್ನು ಅವನ ಎದುರಿಗೇ ಕೇಳುತ್ತೇನೆ. ಲಗ್ನವಾದ ಮೇಲಿನ ಮೊದಲ ಸೋಮವಾರ ಎಣ್ಣೆಯ ಜೊತೆ ಕಮಲಾಪುರದ ಕೆಂಪು ಬಾಳೆಯ ಗೊನೆ ಒಯ್ದು ಉದ್ದಂಡ ನಮಸ್ಕಾರ ಹಾಕಿದೆ. ನಂಬಿಕೆ ಮೊದಲೂ ಇತ್ತು, ಈಗ ಬೇರು ಬಿಟ್ಟಿದೆ.

ನಮ್ಮ ಮಿಲ್ಲಿನಲ್ಲಿ ಬೇಳೆ ಆರಿಸುವ ಗಂಗಮ್ಮನೂ ನನ್ನ ಹಾಗೆಯೇ ಗಂಡನಿಲ್ಲದವಳು. ಬರುವ ತಿಂಗಳು ಅವಳ ಮಗನ ಲಗ್ನ. ಮೊನ್ನೆ ಊಟದ ಬಿಡುವಿನಲ್ಲಿ ಪಕ್ಕಕ್ಕೆ ಬಂದು ಕೂತು, ಯಾರಿಗೂ ಕೇಳಿಸದ ಹಾಗೆ, "ಅಕ್ಕಾ, ನಿಮ್ಮ ಮಲ್ಲಯ್ಯ ನಮ್ಮಂಥೋರ ಮಾತು ಕೇಳ್ತಾನೇನ್ರಿ?" ಎಂದಳು.

"ಕೇಳ್ತಾನವಾ" ಎಂದೆ. "ಆದ್ರ ಹಿಂಗ ಮೆಲ್ಲಗ ಹೇಳಬ್ಯಾಡ."