ಮತ್ತೆ ಸೋಸುವ ಪದ್ಮಕ್ಕ

ಪದ್ಮಕ್ಕ ಕೊಡದ ಬಾಯಿಗೆ ದಪ್ಪ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರೆ, ಗಿರಾಕಿ ಯಾರೇ ಆಗಿರಲಿ, ಕಾಯಲೇಬೇಕಿತ್ತು. ಸುತ್ತಲಿನ ಫೋಟೊ ಸ್ಟುಡಿಯೊಗಳ ಮದುವೆ ಆಲ್ಬಮ್‌ಗಳೆಲ್ಲ ಶೇಡಬಾಳದ ಅವರ ಅಂಗಡಿಯಲ್ಲೇ ತಯಾರಾಗುತ್ತಿದ್ದವು. ಸೋಸಿಟ್ಟ ನೀರನ್ನೂ ಸ್ವಲ್ಪ ಹೊತ್ತಾದರೆ ಮತ್ತೆ ಸೋಸಿಯೇ ಕುಡಿಯುವುದು ಅವರ ಜೈನ ಮನೆತನದ ಪದ್ಧತಿ. ಕಂಪ್ಯೂಟರಿಗೂ ಅದೇ ನೇಮ. ನಾವು ಸ್ಟುಡಿಯೊ ಹುಡುಗರು ಪೆನ್‌ಡ್ರೈವ್ ಚಾಚಿದರೆ ಕೈ ಅಡ್ಡ ಹಿಡಿದು, ಮೊದಲು ಆಂಟಿವೈರಸ್ ಅಪ್‌ಡೇಟ್ ಮಾಡುತ್ತಿದ್ದರು. ನೆಟ್ಟೋ, ತೆವಳಿಕೊಂಡು ಬರುವಂಥದ್ದು.

ಕುಡಚಿಯ ಸ್ಟುಡಿಯೊದಿಂದ ಓಡಿಬಂದಿದ್ದ ನಾನು ಒಮ್ಮೆ ಗೊಣಗಿದೆ: "ನಿನ್ನೇ ಮಾಡೀರಲ್ರಿ ಅಕ್ಕಾರ, ಇವತ್ತ ಮತ್ತ ಯಾಕ್ರಿ?"

"ನಿನ್ನಿ ಸೋಸಿದ್ದು ನಿನ್ನಿಗೆ ಆತೋ ತಮ್ಮಾ. ರಾತ್ರಿ ಹೊಸಾ ವೈರಸ್ ಹುಟ್ಟಿದ್ರ ಇದಕ್ಕೇನ ಗೊತ್ತಿರ್ತೈತಿ? ಕುಂಡ್ರು."

ಕುಳಿತೆ. ಆ ಸಲ ತಂದದ್ದು ನನ್ನ ತಂಗಿಯ ನಿಕಾಹದ ಫೋಟೊಗಳು. ಪೆನ್‌ಡ್ರೈವ್ ಸಿಕ್ಕಿಸಿದ್ದೇ ತಡ, ಪರದೆಯ ಮೇಲೆ ಕೆಂಪು ಎಚ್ಚರಿಕೆ ಬಂತು. ಅಕ್ಕ ವೈರಸ್ ತೆಗೆದು, ಫೋಟೊ ಇಳಿಸಿಕೊಂಡು, ನಮ್ಮ ಸ್ಟುಡಿಯೊ ನಡೆಸುವ ಚಾಚಾನಿಗೆ ತಾವೇ ಫೋನ್ ಮಾಡಿದರು: "ಇದು ನಿಮ್ಮ ಮಷಿನ್‌ನಾಗಿಂದ ಬಂದೈತ್ರಿ. ಈಗಿಂದೀಗ ಅಪ್‌ಡೇಟ್ ಮಾಡ್ರಿ."

"ನಮ್ಮಲ್ಲೂ ಆಂಟಿವೈರಸ್ ಐತ್ರಿ, ಅದರ ಡಬ್ಬಿ ಸೈತ ಇಟ್ಟೇನಿ," ಅಂದರು ಚಾಚಾ. ಇಟ್ಟಿದ್ದರು, ನಿಜ. ಯಾವಾಗಲೋ ಕೊಂಡ ಆ ಡಬ್ಬಿ ಗಾಜಿನ ಕಪಾಟಿನಲ್ಲಿ ಕೂತು ತಾನೇ ಕಾವಲು ಕಾಯುತ್ತದೆಂದು ಅವರ ನಂಬಿಕೆ. ಮರುದಿನ ನಮ್ಮ ಕಂಪ್ಯೂಟರಿನಲ್ಲಿ ಒಂದು ಫೋಟೊವೂ ತೆರೆಯಲಿಲ್ಲ. ಕ್ಯಾಮೆರಾದ ಕಾರ್ಡನ್ನೂ ಪೆನ್‌ಡ್ರೈವನ್ನೂ ಮುಂದಿನ ಮದುವೆಗೆಂದು ಆಗಲೇ ಅಳಿಸಿಯಾಗಿತ್ತು.

ಅದೇ ವಾರ ನಮ್ಮ ಅಬ್ಬಾ ತೀರಿಕೊಂಡರು. ಫೋಟೊ ಎಂದರೆ ಮುಖ ತಿರುಗಿಸುತ್ತಿದ್ದ ಅಬ್ಬಾ, ಮಗಳ ಮದುವೆಯಲ್ಲಿ ಮಾತ್ರ ಕ್ಯಾಮೆರಾ ನೋಡಿ ನಕ್ಕಿದ್ದರು. ಆ ನಗು ಉಳಿದಿದ್ದರೆ ಪದ್ಮಕ್ಕನ ಹತ್ತಿರವೇ ಉಳಿದಿರಬೇಕು. ಅವರ ಕಂಪ್ಯೂಟರಿಗೂ ರೋಗ ಹತ್ತಿದ್ದರೆ? ಜೀವ ಕೈಯಲ್ಲಿ ಹಿಡಿದು ಶೇಡಬಾಳಕ್ಕೆ ಹೋದೆ. ಅಕ್ಕ ಫೋಲ್ಡರ್ ತೆರೆದರು. ಅಬ್ಬಾ ನಗುತ್ತಿದ್ದರು. ಅಕ್ಕನಿಗೆ ಕೈಮುಗಿದೆ.

"ಅಪ್‌ಡೇಟ್ ಮಾಡಿದ್ದನ್ನೂ ಪೂರಾ ನಂಬಬ್ಯಾಡ," ಅಂದರು ಅಕ್ಕ. "ಇನ್ನೊಂದ ಕಾಪಿ ಬ್ಯಾರೆ ಕಡೆ ಇಡು."

ಕಳೆದ ವರ್ಷ ಅಕ್ಕ ಸನ್ಯಾಸ ದೀಕ್ಷೆ ತೆಗೆದುಕೊಂಡು ಜೈನ ಮಾತಾಜಿಯಾದರು. ಅಂಗಡಿ, ಫೋನು, ಅಷ್ಟು ಜತನದಿಂದ ಕಾಯ್ದ ಕಂಪ್ಯೂಟರು, ಕೊನೆಗೆ ಪದ್ಮಕ್ಕ ಎಂಬ ಹೆಸರನ್ನೂ ಬಿಟ್ಟರು. ಹಾಗೆ ಕಾಯ್ದವರು ಹೀಗೆ ಬಿಡಬಲ್ಲರೆಂಬುದು ನನಗೆ ಇಂದಿಗೂ ಬೆರಗು.

ಮೊನ್ನೆ ಬಿಳಿ ಸೀರೆಯ ಮಾತಾಜಿಗಳ ಗುಂಪು ಕುಡಚಿಯ ರಸ್ತೆಯಲ್ಲಿ ಬರಿಗಾಲಲ್ಲಿ ಹೊರಟಿತ್ತು. ಅವರಲ್ಲಿ ಅಕ್ಕನನ್ನು ಗುರುತು ಹಿಡಿದೆ. ಏನೆಂದು ಕರೆಯಬೇಕೋ ತಿಳಿಯದೆ ಓಡಿಹೋಗಿ, "ಅಬ್ಬಾನ ಫೋಟೊ ಆರಾಮ ಐತ್ರಿ," ಎಂದೆ. ಅವರು ನವಿಲುಗರಿಯ ಪಿಂಛಿ ಎತ್ತಿ ಹರಸಿ, ಮುಂದೆ ನಡೆದರು.

ಸ್ಟುಡಿಯೊಗೆ ಮರಳಿ, ಅಕ್ಕ ಹೇಳಿದಂತೆ ಬೇರೆ ಇಟ್ಟಿದ್ದ ಹಳೆಯ ಕಾಪಿಗಳನ್ನೆಲ್ಲ ಹುಡುಕಿದೆ. ಊರೆಲ್ಲರ ಫೋಟೊ ಇತ್ತು, ಅಕ್ಕನದೊಂದು ಇರಲಿಲ್ಲ.