ನಮ್ಮ ಮನೆಯಿಂದ ಇನ್ನೊಬ್ಬರು

ನೀವೇ ಹೇಳಿ ಸ್ನೇಹಿತರೇ, ನಾನೀಗ ಏನೆಂದುಕೊಳ್ಳಲಿ. ಮಲ್ಲೇಶ್ವರದಲ್ಲೇ ಕೌನ್ಸೆಲರ್ ಹತ್ತಿರ ಹೋದರೆ ಸಂಜೆಯೊಳಗೆ ಅಮ್ಮನಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೇ ಇವತ್ತು ಮಾರ್ಕೆಟ್‌ನಲ್ಲಿ ಬಸ್ ಬದಲಿಸಿ, ನಮ್ಮವರು ಯಾರೂ ಇಲ್ಲದ ಬಸವನಗುಡಿಯಲ್ಲಿ ಒಬ್ಬರನ್ನು ಹುಡುಕಿಕೊಂಡು ಹೋದೆ.

ಆಕೆ ಹೆಸರು ಕೇಳಿದರು, ಮನೆ ಎಲ್ಲಿ ಎಂದು ಕೇಳಿದರು. ಮಲ್ಲೇಶ್ವರದಲ್ಲಿ, ಸಂಪಿಗೆ ಮರದ ಎದುರಿನ ಮಹಡಿ ಮನೆ ಎಂದೆ. ಪೆನ್ನಿಗೆ ಕ್ಯಾಪ್ ಹಾಕಿಬಿಟ್ಟರು.

“ನಿಮ್ಮನ್ನ ನಾನು ನೋಡಕ್ಕಾಗಲ್ಲ. ಬೇರೆಯವರ ಹತ್ರ ಕಳಿಸ್ತೀನಿ.”

“ಯಾಕೆ ಮೇಡಂ?”

“ಒಂದೇ ಮನೆಯ ಇಬ್ಬರನ್ನ ನಾನು...” ಎಂದವರು ಅಲ್ಲಿಗೇ ನಿಲ್ಲಿಸಿ, “ಏನಿಲ್ಲ, ನೀರು ಕುಡೀರಿ” ಎಂದರು.

ನೀರು ಕುಡಿದು ಬಂದೆ. ನನ್ನನ್ನು ಬಿಟ್ಟರೆ ಮನೆಯಲ್ಲಿರುವುದು ಅಪ್ಪ, ಅಮ್ಮ, ಅಣ್ಣ. ಮೂವರೂ ಟಿವಿ ಮುಂದೆ ಹುರಿಗಾಳು ತಿನ್ನುತ್ತಾ ಕೂತಿದ್ದರು. ಯಾರ ಮುಖದಲ್ಲೂ ಯಾವ ಚಿಂತೆಯೂ ಕಾಣಲಿಲ್ಲ. ನನ್ನ ಮುಖದಲ್ಲೂ ಕಾಣುತ್ತಿರಲಿಲ್ಲವೇನೋ.

“ಎಲ್ಲಿಗೆ ಹೋಗಿದ್ದೆ?” ಅಮ್ಮ ಕೇಳಿದಳು.

“ಬಸವನಗುಡಿಗೆ.”

ಪಕ್ಕದ ರಸ್ತೆಗೆ ಹೋಗಿ ಬಂದರೂ ಯಾಕೆ ಎಂದು ಕೇಳುವ ಮನೆ ನಮ್ಮದು. ಇವತ್ತು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.